ಬಡವರಿಗಾಗಿ ಬಂದ ವೈದ್ಯೆ: ಡಾಕ್ಟರ್ ಸಿಸ್ಟರ್ ಮೇರಿ ಗ್ಲೌರಿ

ಜೆರುಸಲೇಮಿನಿಂದ ಜೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡು ಬಿದ್ದಿದ್ದ ಪಯಣಿಗನ ಸಾಮತಿಯನ್ನು ನಾವೆಲ್ಲರೂ ಎಳೆವೆಯಿಂದಲೇ ಬಲ್ಲೆವು. ಕಂಡೂ ಕಾಣದವರಂತೆ ಹೋದ ಇಬ್ಬರನ್ನು ಬಿಟ್ಟು, ಮೂರನೆಯವನಾಗಿ ಬಂದ ಸಮಾರಿಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಅವನ ಗಾಯಗಳನ್ನು ಕಟ್ಟಿದನು. ಆದರೆ ಆ ಸಾಮತಿಯ ಕೊನೆಯ ಭಾಗ ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಮರುದಿನ ಅವನು ಹೊರಡುವಾಗ ಛತ್ರದವನ ಕೈಗೆ ಎರಡು ಬೆಳ್ಳಿಯ ನಾಣ್ಯಗಳನ್ನು ಕೊಟ್ಟು, ಇದಕ್ಕಿಂತ ಹೆಚ್ಚು ವೆಚ್ಚವಾದರೆ ಹಿಂದಿರುಗಿ ಬಂದಾಗ ತೀರಿಸುವುದಾಗಿ ಮಾತು ಕೊಟ್ಟು ಹೋದನು. ಗಾಯ ಕಟ್ಟುವುದರಲ್ಲಿಯೇ ಅವನ ದಯೆ ಮುಗಿಯಲಿಲ್ಲ. ರೋಗಿಯ ತಲೆಯ ಮೇಲೆ ಚಿಕಿತ್ಸೆಯ ಸಾಲ ಬೀಳದಂತೆಯೂ ಅವನು ನೋಡಿಕೊಂಡನು.

ನಮ್ಮ ಊರುಗಳಲ್ಲಿ ರೋಗಕ್ಕಿಂತ ಆಸ್ಪತ್ರೆಯ ಲೆಕ್ಕದ ಚೀಟಿಗೇ ಹೆಚ್ಚು ಹೆದರುವವರು ಇಂದಿಗೂ ಇದ್ದಾರೆ. ಮಗುವಿನ ಜ್ವರಕ್ಕೆಂದು ಹಸುವನ್ನು ಮಾರಿದ, ತಾಯಿಯ ಶಸ್ತ್ರಚಿಕಿತ್ಸೆಗೆಂದು ತುಂಡು ಹೊಲವನ್ನು ಅಡವಿಟ್ಟ ಮನೆಗಳನ್ನು ನಾವು ಬಲ್ಲೆವು. ದೇವಾಲಯದ ನೂರು ವರ್ಷಗಳನ್ನು ನೆನೆಯುತ್ತಿರುವ ಈ ಶುಭ ಸಂದರ್ಭದಲ್ಲಿ, ಇಂತಹವರಿಗಾಗಿಯೇ ತನ್ನ ಬಾಳನ್ನು ಸವೆಸಿದ ಒಬ್ಬ ಕನ್ಯಾಸ್ತ್ರೀಯ ಚರಿತ್ರೆಯನ್ನು ಸ್ಮರಿಸಿಕೊಳ್ಳುವುದು ಉಚಿತವಾಗಿದೆ. ಅವರು ಹುಟ್ಟಿದ್ದು ದೂರದ ಆಸ್ಟ್ರೇಲಿಯಾದಲ್ಲಿ. ಬಾಳಿ ಬೆವರು ಸುರಿಸಿದ್ದು ನೆರೆಯ ಆಂಧ್ರದ ಗುಂಟೂರಿನಲ್ಲಿ. ಕೊನೆಯುಸಿರೆಳೆದದ್ದು ನಮ್ಮ ಬೆಂಗಳೂರಿನಲ್ಲಿ.

ಮೇರಿ ಗ್ಲೌರಿಯವರು 1887ನೆಯ ಇಸವಿ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯ ಪ್ರಾಂತದ ಬಿರ್‍ರೆಗುರ‍್ರಾ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಎಡ್ವರ್ಡ್ ಮತ್ತು ಮಾರ್ಗರೆಟ್ ದಂಪತಿಗಳ ಒಂಬತ್ತು ಮಕ್ಕಳಲ್ಲಿ ಅವರು ಮೂರನೆಯವರು. ಐರಿಷ್ ಮೂಲದ ಆ ಕುಟುಂಬ ಕೆಲಕಾಲದ ನಂತರ ಮ್ಯಾಲಿ ಎಂಬ ಬಯಲು ಸೀಮೆಯ ವಾಚೆಮ್ ಊರಿನಲ್ಲಿ ನೆಲೆಸಿತು. ಮಳೆ ಕಡಿಮೆ, ಧೂಳು ಹೆಚ್ಚು, ಪಟ್ಟಣ ಬಲು ದೂರ. ಅಂತಹ ಸೀಮೆಯಲ್ಲಿ ವೈದ್ಯನೆಂದರೆ ಎಷ್ಟು ಅಪರೂಪದ ಭಾಗ್ಯವೆಂಬುದು ಬಾಲಕಿ ಮೇರಿಗೆ ಚಿಕ್ಕಂದಿನಲ್ಲಿಯೇ ತಿಳಿದಿರಬೇಕು. ಸಂಜೆಯ ಜಪಸರ ಪ್ರಾರ್ಥನೆ ತಪ್ಪದಿದ್ದ ಆ ಭಕ್ತಿಯ ಮನೆಯೇ ಅವರ ಮೊದಲ ಪಾಠಶಾಲೆಯಾಯಿತು.

ಓದಿನಲ್ಲಿ ಚುರುಕಾಗಿದ್ದ ಮೇರಿಯವರು ವಿದ್ಯಾರ್ಥಿವೇತನವನ್ನು ಪಡೆದು ಮೆಲ್ಬೋರ್ನಿಗೆ ಹೋದರು. ವಿಶ್ವವಿದ್ಯಾನಿಲಯದಲ್ಲಿ ಮೊದಲು ಕಲಾವಿಭಾಗವನ್ನು ಸೇರಿದ್ದ ಅವರು ಬಳಿಕ ವೈದ್ಯಶಾಸ್ತ್ರದ ಕಡೆಗೆ ತಿರುಗಿದರು. ಹೆಣ್ಣುಮಕ್ಕಳು ವೈದ್ಯರಾಗುವುದು ಆ ಕಾಲದಲ್ಲಿ ಸುಲಭದ ಮಾತಾಗಿರಲಿಲ್ಲ. ಆದರೂ ಅವರು 1910ರಲ್ಲಿ ಪದವಿಯನ್ನು ಗಳಿಸಿದರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಆಸ್ಪತ್ರೆಯಲ್ಲಿ ಕೆಲಕಾಲ ದುಡಿದು ಅನುಭವ ಪಡೆದರು. ಮೆಲ್ಬೋರ್ನಿಗೆ ಹಿಂದಿರುಗಿದ ಮೇಲೆ ಕಣ್ಣಿನ ಚಿಕಿತ್ಸೆಯಲ್ಲಿ ನುರಿತ ವೈದ್ಯೆಯೆಂದು ಹೆಸರಾದರು. ನಗರದ ಪ್ರತಿಷ್ಠಿತ ಬೀದಿಯಾದ ಕಾಲಿನ್ಸ್ ಸ್ಟ್ರೀಟಿನಲ್ಲಿ ಅವರ ಸ್ವಂತ ಚಿಕಿತ್ಸಾಲಯವಿತ್ತು. ಕೈತುಂಬ ಆದಾಯ, ಸಮಾಜದಲ್ಲಿ ಗೌರವ, ಯಾವುದಕ್ಕೂ ಕೊರತೆಯಿರಲಿಲ್ಲ. 1916ರಲ್ಲಿ ಕ್ಯಾಥೊಲಿಕ್ ಮಹಿಳೆಯರ ಸಮಾಜ ಸೇವಾ ಸಂಘವು ಅಲ್ಲಿ ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷೆಯ ಸ್ಥಾನವೂ ಅವರಿಗೇ ಸಂದಿತು.

ಇಷ್ಟರೊಳಗೆ, 1915ರಲ್ಲಿ, ಒಂದು ಸಣ್ಣ ಪುಸ್ತಿಕೆ ಅವರ ಕೈಗೆ ಬಂದಿತ್ತು. ಅದು ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಅವರ ಜೀವನವನ್ನು ಕುರಿತದ್ದು. ತಮ್ಮ ಅರವತ್ತರ ವಯಸ್ಸಿನ ಸುಮಾರಿಗೆ ಕ್ಯಾಥೊಲಿಕ್ ವಿಶ್ವಾಸವನ್ನು ಅಪ್ಪಿಕೊಂಡ ಈ ಮಹಿಳೆ, ಭಾರತದ ಸ್ತ್ರೀಯರ ದುರವಸ್ಥೆಯನ್ನು ಕಂಡು ಮರುಗಿದವರು. ಅಂದಿನ ಭಾರತದಲ್ಲಿ ಅದೆಷ್ಟೋ ಮನೆತನಗಳ ಹೆಂಗಸರು ಪರಪುರುಷನಾದ ವೈದ್ಯನ ಮುಂದೆ ಬರುವಂತಿರಲಿಲ್ಲ. ಹೆರಿಗೆ ಕಷ್ಟವಾದರೆ ತಾಯಿ, ಮಗು ಇಬ್ಬರೂ ಮುಚ್ಚಿದ ಬಾಗಿಲುಗಳ ಹಿಂದೆಯೇ ಸಾಯುತ್ತಿದ್ದರು. ಇಂತಹವರಿಗಾಗಿ ಮೆಕ್ಲಾರೆನ್ ಅವರು ಇಂದು ಪಾಕಿಸ್ತಾನಕ್ಕೆ ಸೇರಿರುವ ರಾವಲ್ಪಿಂಡಿಯಲ್ಲಿ ಒಂದು ಆಸ್ಪತ್ರೆಯನ್ನು ಏರ್ಪಡಿಸಿದರು. ಆದರೆ ಅಲ್ಲಿಗೆ ವೈದ್ಯೆಯರು ಎಲ್ಲಿಂದ ಬರಬೇಕು? ಬಾಳೆಲ್ಲ ಅಲ್ಲಿಯೇ ಉಳಿಯಬಲ್ಲವರು ಕನ್ಯಾಸ್ತ್ರೀಯರು. ಅವರಿಗೋ ವೈದ್ಯ ವೃತ್ತಿಯನ್ನು, ಮುಖ್ಯವಾಗಿ ಹೆರಿಗೆಯ ಕಾರ್ಯವನ್ನು ನಡೆಸಲು ಧರ್ಮಸಭೆಯ ನಿಯಮಗಳು ಅಡ್ಡಬರುತ್ತಿದ್ದವು. ಈ ನಿರ್ಬಂಧವನ್ನು ಸಡಿಲಿಸಬೇಕೆಂದು ಮೆಕ್ಲಾರೆನ್ ಅವರು ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟರು. ಫಲವನ್ನು ಕಾಣದೆಯೇ 1913ರಲ್ಲಿ ಅವರು ನಿಧನರಾದರು.

ಆ ಪುಸ್ತಿಕೆಯನ್ನು ಓದಿ ಮುಗಿಸಿದಾಗ ತಮ್ಮ ಜೀವನದ ಕಾರ್ಯಕ್ಷೇತ್ರ ಯಾವುದೆಂಬುದು ಮೇರಿಯವರಿಗೆ ಸ್ಪಷ್ಟವಾಯಿತು. ಆದರೆ ದೇವಕರೆ ಬಂದ ಮಾತ್ರಕ್ಕೆ ದಾರಿ ಕೂಡಲೇ ತೆರೆಯುವುದಿಲ್ಲ. ಮೊದಲನೆಯ ಮಹಾಯುದ್ಧ ನಡೆದಿತ್ತು, ಸಮುದ್ರಯಾನ ದುಸ್ತರವಾಗಿತ್ತು. ಕಾಯಬೇಕಾಗಿ ಬಂದ ಆ ವರ್ಷಗಳನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲ. ಭಾರತದ ತಾಯಂದಿರಿಗೆ ಯಾವ ವಿದ್ಯೆ ಬೇಕೋ ಅದನ್ನೇ ಆರಿಸಿಕೊಂಡು ಪ್ರಸೂತಿಶಾಸ್ತ್ರ, ಸ್ತ್ರೀರೋಗ ಚಿಕಿತ್ಸೆ, ನೇತ್ರ ಚಿಕಿತ್ಸೆಗಳಲ್ಲಿ ಹೆಚ್ಚಿನ ವ್ಯಾಸಂಗವನ್ನು ಕೈಗೊಂಡು 1919ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಪದವಿ ಕೈಗೆ ಬಂದ ಮರುತಿಂಗಳೇ, 1920ರ ಜನವರಿಯಲ್ಲಿ, ಹಡಗು ಹತ್ತಿದರು. ಆಗ ಅವರಿಗೆ 32 ವರ್ಷ. ಹುಟ್ಟಿದ ನಾಡನ್ನು ಅವರು ಮತ್ತೆ ನೋಡಲಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಅವರು ಗುಂಟೂರನ್ನು ತಲಪಿದರು. ಆಗ ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಊರು. ನೆದರ್ಲೆಂಡಿನಲ್ಲಿ ಸ್ಥಾಪಿತವಾದ ಯೇಸು ಮರಿಯ ಜೋಸೆಫರ ಸಭೆಯ ಕನ್ಯಾಸ್ತ್ರೀಯರು ಅಲ್ಲಿ ಸೇವೆಯಲ್ಲಿ ತೊಡಗಿದ್ದರು. ಮೇರಿಯವರು ಆ ಸಭೆಯನ್ನು ಸೇರಿ, ಯೇಸುವಿನ ಪವಿತ್ರ ಹೃದಯದ ಸಿಸ್ಟರ್ ಮೇರಿ ಎಂಬ ಹೆಸರನ್ನು ಧರಿಸಿದರು. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಈ ಕನ್ಯಾಸ್ತ್ರೀ ತಮ್ಮ ವೈದ್ಯ ವೃತ್ತಿಯನ್ನು ಮುಂದುವರಿಸುವುದಕ್ಕೆ ವಿಶೇಷ ಅನುಮತಿಯನ್ನೂ ಆಶೀರ್ವಾದವನ್ನೂ ದಯಪಾಲಿಸಿದರು. ವೈದ್ಯೆಯಾಗಿ ಪ್ರೇಷಿತ ಕಾರ್ಯಕ್ಕೆ ಇಳಿದ ಕನ್ಯಾಸ್ತ್ರೀಯರಲ್ಲಿ ಅವರೇ ಮೊದಲಿಗರೆಂದು ಚರಿತ್ರೆ ಅವರನ್ನು ಗೌರವಿಸುತ್ತದೆ. ಎಲ್ಲ ಕನ್ಯಾಸ್ತ್ರೀಯರಿಗೂ ಈ ಬಾಗಿಲು ತೆರೆಯಲು 1936ರವರೆಗೆ ಕಾಯಬೇಕಾಯಿತು. ಆ ವರ್ಷ ರೋಮಿನಿಂದ ಹೊರಟ ಆಜ್ಞೆಯು ಪ್ರೇಷಿತ ಸೀಮೆಗಳಲ್ಲಿನ ಧಾರ್ಮಿಕ ಸ್ತ್ರೀಯರು ವೈದ್ಯಶಾಸ್ತ್ರವನ್ನು ಕಲಿತು ತಾಯಂದಿರ ಹಾಗೂ ಶಿಶುಗಳ ಚಿಕಿತ್ಸೆ ನಡೆಸುವುದನ್ನು ಪ್ರೋತ್ಸಾಹಿಸಿತು. ಮೆಕ್ಲಾರೆನ್ ಅವರ ಮೊರೆ ಅವರ ಮರಣಾನಂತರ ಹೀಗೆ ಈಡೇರಿತು.

ಗುಂಟೂರಿನಲ್ಲಿ ಅವರಿಗೆ ದೊರೆತದ್ದು ಕಾಲಿನ್ಸ್ ಸ್ಟ್ರೀಟಿನ ಚಿಕಿತ್ಸಾಲಯವಲ್ಲ. ಕಾನ್ವೆಂಟಿನ ಒಂದು ಸಣ್ಣ ಔಷಧಾಲಯ. ಭಾಷೆ ಹೊಸದು, ಬಿಸಿಲು ಹೊಸದು. ರೋಗಿಗಳಾದರೋ ದಿನದಿನಕ್ಕೆ ಹೆಚ್ಚುತ್ತಿದ್ದರು. ಸಣ್ಣ ಔಷಧಾಲಯವು ಕ್ರಮೇಣ ಬೆಳೆದು ಸಂತ ಜೋಸೆಫರ ಆಸ್ಪತ್ರೆಯಾಯಿತು. ಬಂದವರಲ್ಲಿ ಬಹುಪಾಲು ಬಡವರು. ಜಾತಿ ಮತಗಳ ಎಣಿಕೆ ಅಲ್ಲಿರಲಿಲ್ಲ. ಬಹುಕಾಲ ಆ ಇಡೀ ಆಸ್ಪತ್ರೆಗೆ ಅವರೊಬ್ಬರೇ ವೈದ್ಯೆ. ಕಣ್ಣಿನ ಪೊರೆಯಿಂದ ಹಿಡಿದು ಕಷ್ಟದ ಹೆರಿಗೆಯವರೆಗೆ ಎಲ್ಲವೂ ಅವರ ಕೈಯನ್ನೇ ಕಾಯುತ್ತಿದ್ದವು. ಹೀಗೆ ಒಟ್ಟು 37 ವರ್ಷಗಳನ್ನು ಅವರು ಭಾರತದಲ್ಲಿ ಕಳೆದರು. ಅವರ ಆರೈಕೆಯನ್ನು ಪಡೆದವರ ಸಂಖ್ಯೆ ಲಕ್ಷಗಳನ್ನು ಮುಟ್ಟುತ್ತದೆ.

ಆ ಕಾಲದಲ್ಲಿ ನಮ್ಮ ದೇಶದ ಆರೋಗ್ಯದ ಸ್ಥಿತಿ ಹೇಗಿತ್ತೆಂಬುದನ್ನು ಅರಿಯದೆ ಈ ಸೇವೆಯ ಬೆಲೆ ತಿಳಿಯದು. ಸರ್ಕಾರವು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಿಸಿದ ಸಮಿತಿಯು ಕಲೆಹಾಕಿದ ಅಂಕಿಗಳು ಇಂದಿಗೂ ಎದೆ ನಡುಗಿಸುತ್ತವೆ. ಸುಮಾರು 6,000 ಜನರಿಗೆ ಒಬ್ಬ ವೈದ್ಯ. 43,000 ಜನರಿಗೆ ಒಬ್ಬ ದಾದಿ. ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 160ಕ್ಕೂ ಹೆಚ್ಚು ಶಿಶುಗಳು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಸಾವಿರ ಹೆರಿಗೆಗಳಿಗೆ ಸುಮಾರು 20 ಮಂದಿ ತಾಯಂದಿರು ಅಸುನೀಗುತ್ತಿದ್ದರು. ಇದ್ದ ಅಲ್ಪಸ್ವಲ್ಪ ವೈದ್ಯರಾದರೂ ಪಟ್ಟಣಗಳಲ್ಲಿ ಸೇರಿದ್ದರೇ ಹೊರತು ಹಳ್ಳಿಗಳಲ್ಲಲ್ಲ.

ಬಡವನಿಗೆ ಚಿಕಿತ್ಸೆಯ ವೆಚ್ಚವೆಂದರೆ ಔಷಧದ ಬೆಲೆ ಮಾತ್ರವಲ್ಲ. ಗಾಡಿಯ ಬಾಡಿಗೆ, ಕಳೆದುಹೋದ ಕೂಲಿ, ಜೊತೆಗೆ ಬಂದವರ ಊಟ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆ ಎಲ್ಲವೂ ಸೇರಿ ವೆಚ್ಚವಾಗುತ್ತದೆ. ಆದಕಾರಣ ದೂರದಲ್ಲಿರುವ ಉಚಿತ ಆಸ್ಪತ್ರೆಯೂ ಬಡವನಿಗೆ ದುಬಾರಿಯೇ. ಒಬ್ಬ ವೈದ್ಯೆ ಎಷ್ಟೇ ದುಡಿದರೂ ತನ್ನ ಬಳಿಗೆ ಬರಬಲ್ಲವರಿಗೆ ಮಾತ್ರ ನೆರವಾಗಬಲ್ಲಳು, ಬರಲಾರದವರ ಗತಿಯೇನು?

ಸಿಸ್ಟರ್ ಮೇರಿಯವರು ಈ ಪ್ರಶ್ನೆಗೆ ತಮ್ಮ ಕಾರ್ಯದಿಂದಲೇ ಉತ್ತರ ಕೊಟ್ಟರು. ಸ್ಥಳೀಯ ಹೆಣ್ಣುಮಕ್ಕಳನ್ನು ಕರೆದು ಅವರಿಗೆ ಔಷಧ ತಯಾರಿಸುವುದನ್ನೂ, ಹೆರಿಗೆ ಮಾಡಿಸುವುದನ್ನೂ, ರೋಗಿಗಳ ಶುಶ್ರೂಷೆಯನ್ನೂ ಕಲಿಸಿದರು. ವಿದೇಶದಿಂದ ಬಂದ ಒಬ್ಬ ವೈದ್ಯೆ ಎಂದಾದರೊಂದು ದಿನ ಇಲ್ಲದಾಗುವಳು. ಆದರೆ ಅದೇ ಮಣ್ಣಿನಲ್ಲಿ ಹುಟ್ಟಿ, ಅದೇ ಭಾಷೆಯನ್ನಾಡುವ ದಾದಿಯು ತನ್ನ ಜನರ ನಡುವೆಯೇ ಉಳಿಯುವಳು. ಈ ನಾಡಿನ ಗಿಡಮೂಲಿಕೆಗಳ ಗುಣಗಳನ್ನೂ ಅವರು ಅಭ್ಯಾಸ ಮಾಡಿದರು. ಹಿತ್ತಿಲಲ್ಲಿ ಬೆಳೆಯುವುದನ್ನು ಹೀಗಳೆಯದೆ, ಕಲಿಯಲು ಮನಸ್ಸು ಮಾಡಿದ ಅವರ ವಿನಯವನ್ನು ಇಲ್ಲಿ ಗಮನಿಸಬೇಕು. ಮೆಲ್ಬೋರ್ನಿನ ಬಂಧುಮಿತ್ರರಿಗೆ ಅವರು ಬರೆಯುತ್ತಿದ್ದ ಪತ್ರಗಳ ಮೂಲಕ ಗುಂಟೂರಿನ ಬಡವರ ಕಷ್ಟಗಳು ಕಡಲಾಚೆಗೂ ತಿಳಿದವು.

ಆದರೆ ಗುಂಟೂರಿನಾಚೆಯ ಊರುಗಳಿಗೆ ಏನು ಮಾಡುವುದು? ದೇಶದ ಉದ್ದಗಲಕ್ಕೂ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸಣ್ಣ ದೊಡ್ಡ ಆಸ್ಪತ್ರೆಗಳಿದ್ದವು, ಔಷಧಾಲಯಗಳಿದ್ದವು. ಒಂದೊಂದೂ ಒಂಟಿಯಾಗಿ, ತನ್ನ ಕಷ್ಟವನ್ನು ತಾನೇ ನುಂಗಿಕೊಂಡು ನಡೆಯುತ್ತಿತ್ತು. ಒಂದರ ಅನುಭವ ಮತ್ತೊಂದಕ್ಕೆ ತಲಪುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಆ ಕಠಿಣ ದಿನಗಳಲ್ಲಿ, 1943ರ ಜುಲೈ 29ರಂದು, ಹದಿನಾರು ಮಂದಿ ಕನ್ಯಾಸ್ತ್ರೀಯರು ಸಿಸ್ಟರ್ ಮೇರಿಯವರ ನೇತೃತ್ವದಲ್ಲಿ ಕೂಡಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಹದಿನಾರು ಮಂದಿಯಿಂದ ಆರಂಭವಾದ ಆ ಸಂಘವು ಮುಂದೆ ಬೆಳೆದು 3,000ಕ್ಕೂ ಹೆಚ್ಚು ಸಂಸ್ಥೆಗಳನ್ನು ಒಳಗೊಂಡಿತು. ಅವುಗಳಲ್ಲಿ ಬಹಳಷ್ಟು ಹಳ್ಳಿಗಾಡಿನ ಸಣ್ಣ ಚಿಕಿತ್ಸಾಲಯಗಳು. ಹೆಸರು ಪತ್ರಿಕೆಗಳಲ್ಲಿ ಬಾರದ, ಆದರೆ ಹೆರಿಗೆಯ ನೋವು ಕಾಣಿಸಿಕೊಂಡ ರಾತ್ರಿ ಬಾಗಿಲು ತಟ್ಟಬಹುದಾದ ಮನೆಗಳು ಅವು.

ಇಲ್ಲೊಂದು ಕಾಕತಾಳೀಯವನ್ನು ಗಮನಿಸಬಹುದು. ಭೋರ್ ಸಮಿತಿಯ ನೇಮಕವಾದದ್ದೂ ಈ ಸಂಘ ಹುಟ್ಟಿದ್ದೂ ಒಂದೇ ವರ್ಷದಲ್ಲಿ. 1946ರಲ್ಲಿ ಆ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿ, ಹಣ ತೆರಲಾರದ ಕಾರಣಕ್ಕಾಗಿ ಯಾವೊಬ್ಬನೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬ ತತ್ವವನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯು ಅಂಗೀಕೃತವಾಯಿತು. ಕಾರ್ಖಾನೆಯ ಕೆಲಸಗಾರನು ತನ್ನ ಸಂಬಳದ ಒಂದು ಸಣ್ಣ ಪಾಲನ್ನೂ, ಮಾಲೀಕನು ತನ್ನ ಪಾಲನ್ನೂ ಸೇರಿಸಿ, ಕಾಯಿಲೆಯ ದಿನಕ್ಕೆಂದು ಕೂಡಿಡುವ ಏರ್ಪಾಡು ಅದು. ಆದರೆ ಹೊಲದ ಕೂಲಿಗೂ, ನೇಕಾರನಿಗೂ, ಮನೆಗೆಲಸದವಳಿಗೂ ಅಂತಹ ಆಸರೆ ಇರಲಿಲ್ಲ. ಅವರ ಪಾಲಿಗೆ ಉಳಿದಿದ್ದುದು ಸರ್ಕಾರದ ಆಸ್ಪತ್ರೆ ಮತ್ತು ಗುಂಟೂರಿನಲ್ಲಿದ್ದಂತಹ ಸೇವಾಲಯಗಳು.

ಸಿಸ್ಟರ್ ಮೇರಿಯವರ ಮನಸ್ಸಿನಲ್ಲಿ ಮತ್ತೊಂದು ಹಂಬಲವೂ ಇತ್ತು. ಬಡವರ ಸೇವೆಯನ್ನೇ ವ್ರತವಾಗಿ ಸ್ವೀಕರಿಸುವ ವೈದ್ಯರನ್ನು ನಮ್ಮ ದೇಶದಲ್ಲಿಯೇ ತಯಾರು ಮಾಡುವ ಕ್ಯಾಥೊಲಿಕ್ ವೈದ್ಯಕೀಯ ಕಾಲೇಜೊಂದು ಸ್ಥಾಪನೆಯಾಗಬೇಕೆಂಬುದೇ ಆ ಹಂಬಲ. ಅದು ಕೈಗೂಡುವುದನ್ನು ಅವರು ಕಣ್ಣಾರೆ ಕಾಣಲಿಲ್ಲ. ಕ್ಯಾನ್ಸರ್ ರೋಗವು ಅವರ ಶರೀರವನ್ನು ಆಕ್ರಮಿಸಿತು. ಸಾವಿರಾರು ಜನರ ನೋವನ್ನು ಇಳಿಸಿದ ಆ ಕೈಗಳು ತಮ್ಮ ನೋವನ್ನು ದೇವರಿಗೆ ಒಪ್ಪಿಸಿ ಮಡಿಚಿಕೊಂಡವು. 1957ರ ಮೇ 5ರಂದು ಬೆಂಗಳೂರಿನಲ್ಲಿ, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಪ್ರಭುವಿನ ಸನ್ನಿಧಿಯನ್ನು ಸೇರಿದರು.

ಅವರು ತೀರಿಕೊಂಡ ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ಬೆಂಗಳೂರು ನಗರದಲ್ಲಿ ಭಾರತದ ಧರ್ಮಾಧ್ಯಕ್ಷರ ಮಂಡಲಿಯ ಆಶ್ರಯದಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಲ್ಲಿ ಕಲಿತ ಎಷ್ಟೋ ಮಂದಿ ಯುವ ವೈದ್ಯರು ತಮ್ಮ ಸೇವೆಯ ಮೊದಲ ವರ್ಷಗಳನ್ನು ಹಿಂದುಳಿದ ಹಳ್ಳಿಗಳ ಆಸ್ಪತ್ರೆಗಳಲ್ಲಿ ಕಳೆದಿದ್ದಾರೆ. ನಮ್ಮ ನಾಡಿನ ಕ್ರೈಸ್ತರಿಗೆ ಚಿರಪರಿಚಿತವಾದ ಈ ಸಂಸ್ಥೆಯ ಹಿನ್ನೆಲೆಯಲ್ಲಿ ಗುಂಟೂರಿನ ಒಬ್ಬ ಕನ್ಯಾಸ್ತ್ರೀಯ ಪ್ರಾರ್ಥನೆಯೂ ದುಡಿಮೆಯೂ ಇದ್ದವೆಂಬುದು ಹಲವರಿಗೆ ತಿಳಿಯದು. ಅವರನ್ನು ಸಂತ ಪದವಿಗೇರಿಸುವ ದಿಕ್ಕಿನಲ್ಲಿ ಕಾರ್ಯಗಳು ಆರಂಭವಾಗಿ, 2013ರಲ್ಲಿ ಅವರನ್ನು ದೇವಸೇವಕಿ ಎಂದು ಘೋಷಿಸಲಾಯಿತು.

ಈ ಪುಣ್ಯ ಜೀವನವು ನಮಗೆ ಏನನ್ನು ಬೋಧಿಸುತ್ತದೆ? ಸಿರಿವಂತರ ಬೀದಿಯಲ್ಲಿನ ಚಿಕಿತ್ಸಾಲಯವನ್ನು ಬಿಟ್ಟು ಬಂದ ಅವರ ತ್ಯಾಗ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರಿಗೂ ಅಂತಹ ತ್ಯಾಗ ಸಾಧ್ಯವಿಲ್ಲ, ಎಲ್ಲರೂ ವೈದ್ಯರಾಗಲಾರೆವು. ಅವರ ಬಾಳಿನ ಎರಡನೆಯ ಪಾಠವಾದರೋ ನಮ್ಮೆಲ್ಲರ ಶಕ್ತಿಗೆ ನಿಲುಕುವಂತಹುದು. ಒಬ್ಬರ ಕರುಣೆ ಎಷ್ಟೇ ಆಳವಾಗಿದ್ದರೂ ಸಾಲದೆಂದು ಅವರು ಮನಗಂಡರು. ಆದುದರಿಂದಲೇ ಇತರರಿಗೆ ಕಲಿಸಿದರು, ಚದುರಿದವರನ್ನು ಕೂಡಿಸಿದರು. ಅವರೊಡನೆ ಅಂದು ಕುಳಿತ ಹದಿನಾರು ಮಂದಿಯ ಬಳಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ, ಒಟ್ಟುಗೂಡುವ ಮನಸ್ಸಿತ್ತು.

ಇದೇ ತತ್ವವು ನಮ್ಮ ರಾಜ್ಯದಲ್ಲಿಯೂ ಫಲ ಕೊಟ್ಟಿದೆ. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಆರಂಭವಾದಾಗ ಒಬ್ಬೊಬ್ಬ ಸದಸ್ಯನು ತೆತ್ತದ್ದು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ. ಅಷ್ಟು ಸಣ್ಣ ಮೊತ್ತವು ಲಕ್ಷಾಂತರ ಮಂದಿಯಿಂದ ಕೂಡಿಬಂದಾಗ, ಒಬ್ಬ ರೈತನು ಒಂಟಿಯಾಗಿ ಕನಸಿನಲ್ಲಿಯೂ ಭರಿಸಲಾರದ ಶಸ್ತ್ರಚಿಕಿತ್ಸೆಗಳು ಅವನಿಗೆ ಲಭ್ಯವಾದವು. ಇಂದು ಆರೋಗ್ಯವಂತನಾಗಿರುವವನು ಇಂದು ರೋಗಿಯಾಗಿರುವವನ ಭಾರವನ್ನು ಹೊರುವುದು, ನಾಳೆ ತನ್ನ ಸರದಿ ಬಂದಾಗ ಇತರರು ತನ್ನ ಭಾರವನ್ನು ಹೊರುವರೆಂದು ನಂಬುವುದು, ಇದೇ ಆರೋಗ್ಯ ವಿಮೆಯ ತಿರುಳು. ಒಬ್ಬರ ಭಾರವನ್ನು ಮತ್ತೊಬ್ಬರು ಹೊರಬೇಕೆಂದು ಸಂತ ಪೌಲರು ಕಲಿಸಿಕೊಟ್ಟದ್ದೂ ಇದನ್ನೇ ಅಲ್ಲವೇ?

ಸರ್ಕಾರದ ಯೋಜನೆಗಳು ಬರುತ್ತವೆ, ಬದಲಾಗುತ್ತವೆ. ಆದರೆ ಚೀಟಿ ಇದ್ದ ಮಾತ್ರಕ್ಕೆ ಚಿಕಿತ್ಸೆ ದೊರೆಯುವುದಿಲ್ಲ. ಅರ್ಜಿ ತುಂಬಲು ಬಾರದ ಅಜ್ಜಿಗೆ ಅರ್ಜಿ ತುಂಬಿಕೊಡುವವರು ಬೇಕು. ಯಾವ ಆಸ್ಪತ್ರೆಗೆ ಹೋಗಬೇಕೆಂದು ತಿಳಿಯದವನ ಜೊತೆಗೆ ಹೋಗುವವರು ಬೇಕು. ಮಲಗಿರುವ ತಾಯಿಯ ಮಕ್ಕಳಿಗೆ ನಾಲ್ಕು ದಿನ ಅನ್ನ ಬೇಯಿಸಿ ಹಾಕುವ ನೆರೆಮನೆ ಬೇಕು. ಔಷಧದ ಖರ್ಚಿಗೆ ಕೈಸಾಲ ಮಾಡಿದವನ ಮನೆಯ ಬಾಗಿಲನ್ನು ಬಡ್ಡಿಯವನಿಗಿಂತ ಮೊದಲು ತಟ್ಟುವ ಧರ್ಮಕೇಂದ್ರ ಬೇಕು. ಇವುಗಳಲ್ಲಿ ಯಾವುದಕ್ಕೂ ವೈದ್ಯಕೀಯ ಪದವಿಯ ಅಗತ್ಯವಿಲ್ಲ.

ನಮ್ಮ ಹಿರಿಯರು ಕಲ್ಲು ಹೊತ್ತು, ಪೈಸೆ ಕೂಡಿಸಿ ಕಟ್ಟಿದ ಈ ದೇವಾಲಯಕ್ಕೆ ನೂರು ವರ್ಷ ತುಂಬಿದೆ. ಒಬ್ಬನೇ ಶ್ರೀಮಂತನು ಇದನ್ನು ಕಟ್ಟಿಸಲಿಲ್ಲ; ಎಲ್ಲರ ಕಾಣಿಕೆಯೂ ಸೇರಿ ಇದು ಮೇಲೆದ್ದಿತು. ಅದೇ ರೀತಿ ಕೂಡಿಸಿದ ಕಾಣಿಕೆಯಿಂದ, ಕೂಡಿಸಿದ ಕೈಗಳಿಂದ, ನಮ್ಮಲ್ಲಿ ಕಾಯಿಲೆ ಬಿದ್ದವರ ಭಾರವನ್ನೂ ನಾವು ಹೊರಬಲ್ಲೆವು. ಸಮಾರಿಯದವನು ಛತ್ರದವನ ಕೈಗಿತ್ತ ಆ ಎರಡು ನಾಣ್ಯಗಳು ಇಂದು ನಮ್ಮ ಕೈಯಲ್ಲಿವೆ. ಸಿಸ್ಟರ್ ಮೇರಿ ಗ್ಲೌರಿಯವರ ಆದರ್ಶವು ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನಕ್ಕೆ ದಾರಿದೀಪವಾಗಲಿ. ರೋಗಿಗಳ ಆಶ್ರಯವಾದ ಮಾತೆ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.